ಕಿವಿಯ ಸಾಕ್ಷಿ

ತರ್ಕದಿಂದ ತೀರದ ಜಗಳಗಳು ಲೋಕದಲ್ಲಿ ಕೆಲವುಂಟು. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಒರಳಿನಲ್ಲಿ ರುಬ್ಬಿದ ಚಟ್ನಿಯ ರುಚಿ ಯಂತ್ರದಲ್ಲಿ ಅರೆದದ್ದಕ್ಕೆ ಬಂದೀತೇ ಎಂಬಂಥವು. ಇವುಗಳಲ್ಲಿ ವಾದಿಯೂ ಪ್ರತಿವಾದಿಯೂ ತಂತಮ್ಮ ಇಂದ್ರಿಯವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿಯೋ ಕರೆದವನ ಪಕ್ಷವನ್ನು ಬಿಟ್ಟು ಬೇರೊಂದನ್ನು ನುಡಿದದ್ದಿಲ್ಲ. ಕಂಪ್ಯೂಟರಿನಲ್ಲಿ ಸಂಗೀತ ಕೇಳುವವರ ನಡುವೆ ಇಂಥದೊಂದು ವಿವಾದ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಡೆದುಬಂದಿದೆ. ಒಂದೇ ಹಾಡನ್ನು, ಒಂದೇ ಕಂಪ್ಯೂಟರಿನಿಂದ, ಒಂದೇ ಜೊತೆ ಸ್ಪೀಕರುಗಳ ಮೂಲಕ ಎರಡು ಬೇರೆ ಬೇರೆ ತಂತ್ರಾಂಶಗಳು ನುಡಿಸಿದರೆ ನಾದದಲ್ಲಿ ಭೇದ ಉಂಟಾಗುವುದೇ, ಇಲ್ಲವೇ?

ಮೈಸೂರಿನ ಒಂದು ಮನೆಯಲ್ಲಿ ಈ ವಿವಾದ ಎದ್ದದ್ದು ಭಾವ ಮೈದುನರ ನಡುವೆ. ಭಾವನವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಮೈದುನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಭಾವನವರ ಮನೆಯ ನಡುಮನೆಯಲ್ಲಿ ಶನಿವಾರ ಸಂಜೆ ಎಂಟು ಹತ್ತು ಮಂದಿ ರಸಿಕರು ಸೇರಿ ಸಂಗೀತ ಕೇಳುವುದು ಬಹುಕಾಲದ ಪದ್ಧತಿ. ಆ ಗೋಷ್ಠಿಗೆ ಪ್ರಮಾಣವೆಂದರೆ ಭಾವನವರ ಕಿವಿ. ಕಚೇರಿಯಲ್ಲಿ ತಂಬೂರಿಯ ಒಂದು ತಂತಿ ಎಳ್ಳಷ್ಟು ಇಳಿದರೂ ಅವರ ಹುಬ್ಬು ಮೊದಲು ಗಂಟಾಗುತ್ತಿತ್ತು. ಉಳಿದವರಿಗೆ ಅದು ತಿಳಿಯುತ್ತಿದ್ದುದು ಆ ಹುಬ್ಬನ್ನು ನೋಡಿ.

ಗೋಷ್ಠಿಯವರು ಮೂರು ವರ್ಷ ಕೂಡಿಟ್ಟ ಒಂದು ಸಣ್ಣ ನಿಧಿ ಇತ್ತು. ಅದನ್ನು ಕೂಡಿಟ್ಟದ್ದು ಒಂದು ಕಬ್ಬಿಣದ ಪೆಟ್ಟಿಗೆಯ ಸಲುವಾಗಿ. ನಲವತ್ತು ವರ್ಷಗಳ ಹಿಂದೆ ರಾಮೋತ್ಸವದ ಚಪ್ಪರಗಳಲ್ಲಿ ಹಿಡಿದಿಟ್ಟ ಅರವತ್ತು ಕ್ಯಾಸೆಟ್ಟುಗಳು ಅದರೊಳಗಿದ್ದುವು. ನುಡಿಸಿದವರಲ್ಲಿ ಅನೇಕರು ಈಗಿಲ್ಲ. ಅವರ ಬೇರೆ ಗುರುತೂ ಉಳಿದಿಲ್ಲ. ಮಳೆಗಾಲ ಕಳೆದಂತೆಲ್ಲ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಏರುತ್ತಿತ್ತು. ಒಳ್ಳೆಯದೊಂದು ಕ್ಯಾಸೆಟ್ ಯಂತ್ರವನ್ನು ತಂದು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕೆಂಬುದು ಎಲ್ಲರ ಸಂಕಲ್ಪ.

ಅಷ್ಟರಲ್ಲಿ ಭಾವನವರಿಗೆ ಹಣ ಕೊಟ್ಟು ಕೊಳ್ಳುವ ಹೊಸದೊಂದು ತಂತ್ರಾಂಶದ ಪರಿಚಯವಾಯಿತು. ಕೆಲವು ದಿನ ಪುಕ್ಕಟೆಯಾಗಿ ಬಳಸಿ ನೋಡುವ ಅವಕಾಶವಿತ್ತು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಅದರಲ್ಲಿ ಕೇಳಿದ ಅವರು ಬೆರಗಾದರು. ಮೀಟಿಗೆ ಜೀವ ಬಂದಿದೆ, ಗಮಕದ ಎಳೆ ಎಳೆಯೂ ಬಿಡಿಸಿ ತೋರುತ್ತದೆ ಎಂದರು. ಅದನ್ನು ಕೊಳ್ಳಬೇಕು, ಅದಕ್ಕೆಂದೇ ಪ್ರತ್ಯೇಕ ಕಂಪ್ಯೂಟರೊಂದು ಬೇಕು. ನಿಧಿ ಎರಡು ಕೆಲಸಕ್ಕೆ ಸಾಲದು. ಕ್ಯಾಸೆಟ್ಟುಗಳು ಮುಂದಿನ ವರ್ಷಕ್ಕಾಗಲಿ ಎಂದರು. ಅವರ ಮಾತಿಗೆ ಎದುರಾಡುವವರು ಗೋಷ್ಠಿಯಲ್ಲಿ ಇರಲಿಲ್ಲ, ಮೈದುನನೊಬ್ಬನನ್ನು ಬಿಟ್ಟು.

ಮೈದುನನ ವಾದ ಸರಳವಾದುದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಇರುವುದು ನಾದವಲ್ಲ, ಅಂಕಿಗಳು. ಎಡ ಬಲ ಒಂದೊಂದಕ್ಕೂ ಸೆಕೆಂಡಿಗೆ 44,100 ಅಳತೆ. ಒಂದೊಂದು ಅಳತೆಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ನಿಂತದ್ದು. ನುಡಿಸುವ ತಂತ್ರಾಂಶದ ಕೆಲಸವೆಂದರೆ ಈ ಅಂಕಿಗಳನ್ನು ಕ್ರಮ ತಪ್ಪದೆ ಮುಂದಕ್ಕೆ ಸಾಗಿಸುವುದು. ಫ್ಲ್ಯಾಕ್ ಎಂಬ ರೀತಿಯಲ್ಲಿ ಮಡಿಸಿಟ್ಟ ಸಂಗೀತವಾದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯಂತೆ. ಬಿಡಿಸಿದರೆ ಒಂದು ನೂಲೂ ಕಡಮೆಯಾಗಿರುವುದಿಲ್ಲ. ಎಂಪಿ3 ಆದರೆ ಕಿವಿಗೆ ತಿಳಿಯಲಾರದೆಂದು ಎಣಿಸಿದ್ದನ್ನು ಮಡಿಸುವಾಗಲೇ ತೆಗೆದುಹಾಕಿರುತ್ತಾರೆ. ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಅಂಕಿಗಳು ಅಲೆಯಾಗುವುದು ಡ್ಯಾಕ್ ಎಂಬ ಭಾಗದಲ್ಲಿ. ಸಾಮಾನ್ಯವಾಗಿ ಅದರ ತಾಳವನ್ನು ಕಾಯುವುದು ಯಂತ್ರದೊಳಗಿನ ಒಂದು ಗಡಿಯಾರವೇ ಹೊರತು ಹಾಡು ನುಡಿಸುವ ತಂತ್ರಾಂಶವಲ್ಲ.

“ಅಂಚೆಯವನು ಸೈಕಲ್ಲಿನಲ್ಲಿ ಬಂದರೇನು, ಕಾರಿನಲ್ಲಿ ಬಂದರೇನು, ಭಾವ? ಕಾಗದದ ಮೇಲಿನ ಅಕ್ಷರ ದುಂಡಗಾದೀತೇ?” ಎಂದನು. ಅಂಚೆಯವನು ದಾರಿಯಲ್ಲಿ ಕಾಗದ ಒಡೆದು ತಿದ್ದುವುದೂ ಉಂಟೆಂಬುದನ್ನು ಅವನು ಮುಚ್ಚಿಡಲಿಲ್ಲ. ತಂತ್ರಾಂಶದಲ್ಲಿ ಮಂದ್ರವನ್ನೋ ತಾರವನ್ನೋ ಎತ್ತಿ ಕೊಡುವ ಏರ್ಪಾಡುಗಳಿರುತ್ತವೆ. ವಿಂಡೋಸ್ ತಾನೇ ಎಲ್ಲ ಸದ್ದುಗಳನ್ನೂ ಕೂಡಿಸುವಾಗ 44,100ರ ಲೆಕ್ಕವನ್ನು 48,000ಕ್ಕೆ ಮಾರ್ಪಡಿಸುವುದುಂಟು. ಆ ಮಾರ್ಪಾಟು ಚೆನ್ನಾಗಿ ನಡೆದರೆ ಕಿವಿಗೆ ತಿಳಿಯುವುದು ದುಸ್ತರ. ಅದನ್ನು ತಪ್ಪಿಸಿ ನೇರವಾಗಿ ಸಾಗುವ ದಾರಿಯೂ 2007ರಲ್ಲಿ ಮನೆಗಳಿಗೆ ಬಂದ ವಿಸ್ಟಾದ ಕಾಲದಿಂದ ಇದೆ. ಉಚಿತ ತಂತ್ರಾಂಶಗಳೂ ಆ ದಾರಿಯನ್ನು ಹಿಡಿಯಬಲ್ಲುವು. 2002ರಿಂದ ಪುಕ್ಕಟೆಯಾಗಿ ದೊರೆಯುತ್ತಿರುವ ಫೂಬಾರ್2000 ಎಂಬುದನ್ನು ಮಾಡಿದವರಂತೂ ತಮ್ಮದರ ನಾದ ಉಳಿದವಕ್ಕಿಂತ ಮೇಲಲ್ಲವೆಂದು ತಾವೇ ಹೇಳಿಕೊಂಡಿದ್ದಾರೆ ಎಂದನು.

“ತನ್ನ ಮೊಸರು ಹುಳಿಯೆನ್ನುವವಳ ಮಾತನ್ನು ಯಾರಯ್ಯಾ ನಂಬುತ್ತಾರೆ?” ಎಂದರು ಭಾವನವರು.

“ಅಂಥವಳು ಸಿಕ್ಕಿದರೆ ಅವಳ ಹತ್ತಿರವೇ ಮೊಸರು ಕೊಳ್ಳಬೇಕು, ಭಾವ.”

ಮಾತು ಬೆಳೆಯುವುದನ್ನು ಕಂಡು ಅಕ್ಕ ಮಧ್ಯಸ್ಥಿಕೆಗೆ ಬಂದಳು. ಹೀಗೆ ಬೇಸರವಿಲ್ಲದೆ ಪರೀಕ್ಷೆ ಮಾಡುವ ಕ್ರಮವೊಂದನ್ನು ಬೆಲ್ ಪ್ರಯೋಗಶಾಲೆಯ ಮನ್ಸನ್ ಮತ್ತು ಗಾರ್ಡ್ನರ್ ಎಂಬಿಬ್ಬರು 1950ರಲ್ಲೇ ಪ್ರಕಟಿಸಿದ್ದರು. ಮೊದಲು ಒಂದು ಮಾದರಿ, ಆಮೇಲೆ ಇನ್ನೊಂದು, ಮೂರನೆಯದಾಗಿ ಎರಡರಲ್ಲಿ ಯಾವುದೋ ಒಂದು. ಆ ಮೂರನೆಯದು ಯಾವುದೆಂದು ಕೇಳುವವನು ಹೇಳಬೇಕು. ಕಂಪ್ಯೂಟರಿನ ಮುಂದೆ ಪಂಚೆಯೊಂದನ್ನು ಮರೆಕಟ್ಟಿ, ಅಕ್ಕ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ನುಡಿಸಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಂಡಳು.

ಹತ್ತು ಸಾರಿ ಕೇಳಿಸಲಾಯಿತು. ಭಾವನವರು ಹತ್ತನ್ನೂ ಸರಿಯಾಗಿ ಹೇಳಿದರು.

ಮೈದುನ ದಂಗಾದನು. ಬರಿಯ ಊಹೆಯಿಂದ ಹತ್ತಕ್ಕೆ ಹತ್ತು ಬರುವುದು 1,024ರಲ್ಲಿ ಒಮ್ಮೆ. ಶಾಸ್ತ್ರವನ್ನು ನಂಬಿದವನು ಇಂಥಲ್ಲಿ ನುಣುಚಿಕೊಳ್ಳಬಾರದು. “ಭೇದವಿದೆ, ಭಾವ, ಒಪ್ಪಿದೆ” ಎಂದು ಹೇಳಿ ಮನೆಗೆ ಹೊರಟನು. ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಬಂದು ಎರಡೂ ತಂತ್ರಾಂಶಗಳ ಒಳಗನ್ನು ಒಂದೊಂದಾಗಿ ಪರೀಕ್ಷಿಸಿದನು. ಉಚಿತ ತಂತ್ರಾಂಶದಲ್ಲಿ ರಿಪ್ಲೇಗೇನ್ ಎಂಬ ಏರ್ಪಾಡು ಚಾಲೂ ಆಗಿತ್ತು. 2001ರಲ್ಲಿ ಡೇವಿಡ್ ರಾಬಿನ್ಸನ್ ಎಂಬವರು ಸೂಚಿಸಿದ ಈ ಕ್ರಮ ಒಂದು ಹಾಡಿಗೂ ಇನ್ನೊಂದಕ್ಕೂ ಸದ್ದಿನ ಮಟ್ಟ ಸಮನಾಗಿರುವಂತೆ ನೋಡಿಕೊಳ್ಳುತ್ತದೆ. ಅದರಿಂದ ವೀಣೆಯ ಸದ್ದು ಆ ತಂತ್ರಾಂಶದಲ್ಲಿ ಎರಡು ಡೆಸಿಬೆಲ್‌ನಷ್ಟು ತಗ್ಗಿ ಬರುತ್ತಿತ್ತು. ಇಷ್ಟು ಸಣ್ಣ ಹೆಚ್ಚುಕಡಮೆಯನ್ನು ಕಿವಿ ‘ಜೋರು’ ಎಂದು ಗುರುತಿಸದೆ ‘ಚೆನ್ನ’ ಎಂದು ಗುರುತಿಸುವುದುಂಟು. ಹತ್ತಿರ ಕುಳಿತ ವೀಣೆ ದೂರದ್ದಕ್ಕಿಂತ ಜೀವಂತವಾಗಿ ತೋರುವಂತೆಯೇ ಇದೂ.

ಮಟ್ಟವನ್ನು ಸಮಮಾಡಿ ಆ ಸಂಜೆ ಮತ್ತೆ ಪಂಚೆ ಕಟ್ಟಿದರು. ಈ ಸಾರಿ ಹದಿನಾರು ಸರದಿ. ಮೂರನೆಯದಕ್ಕೇ ಭಾವನವರ ಹುಬ್ಬು ಗಂಟಾಯಿತು; ಆದರೆ ಅದು ತಪ್ಪನ್ನು ಕಂಡ ಗಂಟಲ್ಲ, ಹುಡುಕುವ ಗಂಟು. ಅಕ್ಕನ ಪುಸ್ತಕದಲ್ಲಿ ಕೊನೆಗೆ ಏಳು ಸರಿ, ಒಂಬತ್ತು ತಪ್ಪು. ನಾಣ್ಯವೇ ಕೇಳಿ ಉತ್ತರ ಹೇಳಿದ್ದರೂ ಹೆಚ್ಚು ಕಡಮೆ ಅಷ್ಟೇ ಬರುತ್ತಿತ್ತು. ಮೈದುನ ಎರಡು ತಂತ್ರಾಂಶಗಳಿಂದ ಹೊರಟ ಅಂಕಿಗಳನ್ನೂ ಬೇರೆ ಬೇರೆಯಾಗಿ ಹಿಡಿದಿಟ್ಟು, ಒಂದರಿಂದ ಇನ್ನೊಂದನ್ನು ಕಳೆದು ನೋಡಿದ್ದನು. ಶೇಷ ಉದ್ದಕ್ಕೂ ಸೊನ್ನೆ.

ಗೆದ್ದವನಿಗೆ ಗೆಲುವು ರುಚಿಸಲಿಲ್ಲ. ಭಾವನವರು ಪಂಚೆಯನ್ನು ಬಿಚ್ಚಿ ಮಡಿಸುತ್ತ, “ಹಾಗಾದರೆ ಈ ಕಿವಿ ಇಷ್ಟು ವರ್ಷವೂ ಹೀಗೇ ಸುಳ್ಳು ಹೇಳಿತೋ ಏನೋ” ಎಂದರು. ಒಬ್ಬ ಮನುಷ್ಯನಿಂದ ಹಣ ಹೋದರೆ ಮರಳಿ ಗಳಿಸಬಹುದು. ತನ್ನ ಇಂದ್ರಿಯದ ಮೇಲಿನ ನಂಬಿಕೆ ಹೋದರೆ ಅದನ್ನು ಕೊಡುವ ಅಂಗಡಿಯಿಲ್ಲ. “ಕಿವಿ ಸುಳ್ಳು ಹೇಳಲಿಲ್ಲ, ಭಾವ. ಎರಡು ಡೆಸಿಬೆಲ್ ಇತ್ತು, ಅದನ್ನು ಹತ್ತು ಸಾರಿಯೂ ಹಿಡಿಯಿತು. ಅದಕ್ಕೆ ಹೆಸರಿಟ್ಟದ್ದು ಮಾತ್ರ ಮನಸ್ಸು” ಎಂದು ಮೈದುನ ಹೇಳಿದ್ದು ನಿಜವೇ, ಆದರೆ ಸಮಾಧಾನದ ಮಾತಿನಂತೆ ಕೇಳಿಸಿತು. ಮುಂದಿನ ಶನಿವಾರ ಭಾವನವರು ಗೋಷ್ಠಿಯ ಮುಂದೆ ತಾವೇ ನಡೆದದ್ದನ್ನೆಲ್ಲ ಹೇಳಿ, ನಿಧಿ ಕ್ಯಾಸೆಟ್ಟುಗಳಿಗೇ ಸಲ್ಲಲಿ ಎಂದರು. ಅಂದು ಯಾವ ರಾಗದ ವಿಷಯದಲ್ಲೂ ಅವರು ಅಭಿಪ್ರಾಯ ಹೇಳಲಿಲ್ಲ.

ಕ್ಯಾಸೆಟ್ ಯಂತ್ರ ಬಂತು. ಮೊದಲನೆಯ ಕ್ಯಾಸೆಟ್ಟಿನ ವೀಣೆ ಕಂಬಳಿ ಹೊದ್ದುಕೊಂಡಂತೆ ಮಂಕಾಗಿತ್ತು. ಹಳೆಯ ಟೇಪಲ್ಲವೆ ಎಂದುಕೊಂಡು ಮೈದುನ ಹಾಗೆಯೇ ಇಳಿಸಲು ತೊಡಗಿದನು. “ನಿಲ್ಲಿಸು. ಇದು ಹಳತಾದ ಮಂಕಲ್ಲ, ಎಲ್ಲೋ ಓರೆಯಾಗಿದೆ” ಎಂದರು ಭಾವನವರು. ಹೆಚ್ಚು ಕಡಮೆ ನಾಲ್ಕು ಮಿಲಿಮೀಟರಿನ ಆ ಟೇಪನ್ನು ಓದುವ ಹೆಡ್ಡಿನಲ್ಲಿ ಕೂದಲೆಳೆಗಿಂತ ಕಿರಿದಾದ ಒಂದು ಸೀಳಿರುತ್ತದೆ. ಅದು ಟೇಪಿಗೆ ನೇರ ಲಂಬವಾಗಿ ನಿಲ್ಲದೆ ಓರೆಯಾದರೆ ತಾರದ ನಾದವೆಲ್ಲ ಸೋರಿಹೋಗುತ್ತದೆ. ಅದನ್ನು ತಿದ್ದಲು ಒಂದು ಪುಟ್ಟ ತಿರುಪು ಉಂಟು. ಮೈದುನ ತಿರುಪನ್ನು ಹಿಡಿದನು. ಭಾವನವರು ಕಣ್ಣು ಮುಚ್ಚಿ ಕುಳಿತರು. “ಇನ್ನು ಸ್ವಲ್ಪ... ಹೆಚ್ಚಾಯಿತು, ಹಿಂದಕ್ಕೆ... ಅಲ್ಲೇ ಬಿಡು.” ಮೈದುನನಿಗೆ ಕೊನೆಯ ಎರಡು ನಿಲುಗಡೆಗಳಲ್ಲಿ ಏನೂ ಭೇದ ತೋರಲಿಲ್ಲ.

“ನಿಮ್ಮಕ್ಕನನ್ನು ಕರೆ. ನಾಣ್ಯ ತರಲಿ” ಎಂದರು ಭಾವನವರು.

ಆ ಎರಡು ನಿಲುಗಡೆಗಳಲ್ಲೂ ಒಂದೊಂದು ಪ್ರತಿ ಇಳಿಸಿ, ಸದ್ದಿನ ಮಟ್ಟವನ್ನು ಅವರೇ ಒತ್ತಾಯಮಾಡಿ ಸಮಮಾಡಿಸಿ, ಪಂಚೆ ಕಟ್ಟಿಸಿ ಕುಳಿತರು. ಹತ್ತಕ್ಕೆ ಹತ್ತು. ಮೈದುನ ಈ ಸಾರಿ ರಾತ್ರಿ ಸುಖವಾಗಿ ನಿದ್ದೆ ಮಾಡಿದನು.

ಸಂಗೀತಕ್ಕೆ ನಷ್ಟವಾಗುವುದು ಹಿಡಿಯುವಾಗ, ಇಳಿಸುವಾಗ, ಕೇಳುವ ಕೋಣೆಯಲ್ಲಿ, ಸ್ಪೀಕರಿನಲ್ಲಿ. ಸಾಗಿಸುವವನು ಕೈಯಾಡಿಸದಿದ್ದರೆ ಅವನಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅರವತ್ತರಲ್ಲಿ ನಾಲ್ಕು ಕ್ಯಾಸೆಟ್ಟುಗಳು ಬೂಷ್ಟಿಗೆ ಆಗಲೇ ಆಹುತಿಯಾಗಿದ್ದುವು, ಉಳಿದವು ಬಂದುವು. ಶನಿವಾರ ಅವನ್ನು ಕೇಳುವಾಗ ನಡುವೆ ಚಪ್ಪರದ ಗದ್ದಲ, ಮಗುವಿನ ಅಳು, ಯಾರದೋ ಕೆಮ್ಮು ಕೇಳಿಬರುತ್ತವೆ. ಯಾವ ತಂತ್ರಾಂಶ ನುಡಿಸುತ್ತಿದೆಯೆಂದು ಈಗ ಯಾರೂ ವಿಚಾರಿಸುವುದಿಲ್ಲ. ಮೀಟು ಮೂಡಿದಾಗ ಎಲ್ಲರೂ ಭಾವನವರ ಹುಬ್ಬನ್ನು ನೋಡುತ್ತಾರೆ.