ಹುಳಿ ಚಹಾ ನಮ್ಮ ಮನೆಗೆ ಸಲ್ಲುವುದೇ?

ಹುಳಿ ಬರಿಸುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಹಾಲಿಗೆ ಹೆಪ್ಪು ಹಾಕದ, ದೋಸೆ ಹಿಟ್ಟನ್ನು ರಾತ್ರಿ ರುಬ್ಬಿಡದ ಮನೆ ಯಾವುದಿದೆ ಹೇಳಿ? ತುಂಗಭದ್ರೆಯ ದಂಡೆಯ ನಮ್ಮ ಹಲವಾಗಲಿನಲ್ಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ಕಡೆಯಲ್ಲೆಲ್ಲ ಬೇಸಿಗೆ ಬಂತೆಂದರೆ ಜೋಳದ ಅಂಬಲಿ ನೆನಪಾಗುತ್ತದೆ. ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಹುಳಿ ಬಂದ ಮೇಲೆ ಕುದಿಸಿ ಆರಿಸಿ, ಮಜ್ಜಿಗೆ, ಉಪ್ಪು ಬೆರೆಸಿ ಈರುಳ್ಳಿಯೊಂದಿಗೆ ಕುಡಿದರೆ ಹೊಲದ ಬಿಸಿಲೂ ತಂಪಾಗುತ್ತದೆ. ಇಲ್ಲಿ ಹಿಂದೂ ಮನೆ, ಮುಸ್ಲಿಮ್ ಮನೆ ಎಂಬ ಭೇದವಿಲ್ಲ. ಬಿಸಿಲು ಎಲ್ಲರಿಗೂ ಒಂದೇ ತಾನೇ?

ಇತ್ತೀಚಿನ ವರ್ಷಗಳಲ್ಲಿ ಹುಳಿ ಬರಿಸುವ ಇನ್ನೊಂದು ಪಾನೀಯ ಪಟ್ಟಣಗಳಿಂದ ಹಳ್ಳಿಗೂ ಬರತೊಡಗಿದೆ. ಅದರ ಹೆಸರು ಕೊಂಬುಚಾ. ಸಕ್ಕರೆ ಹಾಕಿದ ಕಪ್ಪು ಚಹಾಕ್ಕೆ ಒಂದು ಬಗೆಯ ಹೆಪ್ಪು ಹಾಕಿ ಹುಳಿಸುವ ಪಾನೀಯವಿದು. ಚೀನಾದ ಈಶಾನ್ಯ ಭಾಗದ ಕಡೆಯಿಂದ ಬಂದದ್ದೆಂದು ಹೇಳುತ್ತಾರೆ. ರಷ್ಯಾದ ಮನೆಗಳಲ್ಲಿ ಇದು ಬಹಳ ಕಾಲದಿಂದ ಇದೆ. ಅಲ್ಲಿಯವರು ಇದನ್ನು 'ಚಹಾದ ಅಣಬೆ' ಎನ್ನುತ್ತಾರೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಬಾಟಲಿಗಳಲ್ಲಿ ಸಿಗುತ್ತದೆ. ಕಾಲೇಜಿಗೆ ಹೋದ ನಮ್ಮ ಮಕ್ಕಳು ಅದರ ಹೆಪ್ಪನ್ನು ಮನೆಗೂ ತರುತ್ತಿದ್ದಾರೆ.

ನನ್ನ ಮಗಳೂ ರಮಝಾನ್ ರಜೆಗೆ ಬಂದಾಗ ಒಂದು ಗಾಜಿನ ಜಾಡಿ ತಂದಳು. ಒಳಗೆ ಕಂದು ಬಣ್ಣದ ಹುಳಿ ನೀರು, ಅದರ ಮೇಲೆ ದೋಸೆಯಂತೆ ತೇಲುವ ಬಿಳಿಯ ದಪ್ಪ ಪದರ. ಇಫ್ತಾರ್‌ಗೆ ಬಣ್ಣದ ಬಾಟಲಿ ಪಾನೀಯ ತರುವ ಬದಲು ಇದನ್ನು ಮನೆಯಲ್ಲೇ ಮಾಡೋಣ ಎಂಬುದು ಅವಳ ಆಸೆ. ಅತ್ತೆಯವರು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದೇ ಮಾತು ಕೇಳಿದರು: "ಬೇಟಿ, ಇದರಲ್ಲಿ ನಶೆ ಇದೆಯಾ?"

"ಇಲ್ಲ ದಾದಿ, ಆರೋಗ್ಯಕ್ಕೆ ಒಳ್ಳೇದು" ಎಂದಳು ಮಗಳು.

"ಒಳ್ಳೇದೋ ಕೆಟ್ಟದ್ದೋ ಆಮೇಲೆ. ನಶೆ ಇದೆಯೋ ಇಲ್ಲವೋ ಅದನ್ನು ಮೊದಲು ಹೇಳು" ಎಂದರು ಅತ್ತೆ.

ಪ್ರಿಯ ಸಹೋದರಿಯರೇ, ಈ ಪ್ರಶ್ನೆಯನ್ನು ಹಳೆಯ ಕಾಲದವರ ಅನುಮಾನವೆಂದು ತಳ್ಳಿಹಾಕುವಂತಿಲ್ಲ. ಉತ್ತರ ತಿಳಿಯಬೇಕಾದರೆ ಜಾಡಿಯೊಳಗೆ ಏನು ನಡೆಯುತ್ತದೆಂದು ಮೊದಲು ತಿಳಿಯಬೇಕು.

ಆ ಹೆಪ್ಪಿನಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎಂಬ ಎರಡು ಬಗೆಯ ಸೂಕ್ಷ್ಮ ಜೀವಿಗಳು ಒಟ್ಟಿಗೆ ಬಾಳುತ್ತವೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಅನಿಲವನ್ನು ಉಂಟುಮಾಡುತ್ತದೆ. ಬ್ಯಾಕ್ಟೀರಿಯಾ ಗಾಳಿಯ ಸಹಾಯದಿಂದ ಆ ಆಲ್ಕೋಹಾಲನ್ನು ಸಿರ್ಕಾದಲ್ಲಿರುವ ಹುಳಿಯಾಗಿ, ಅಂದರೆ ಅಸಿಟಿಕ್ ಆಮ್ಲವಾಗಿ ಬದಲಿಸುತ್ತದೆ. ಮೇಲೆ ತೇಲುವ ದಪ್ಪ ಪದರವನ್ನು ನೇಯುವುದೂ ಈ ಬ್ಯಾಕ್ಟೀರಿಯಾವೇ. ಆದ್ದರಿಂದ ಕೊಂಬುಚಾದಲ್ಲಿ ಆಲ್ಕೋಹಾಲ್ ಹುಟ್ಟುವುದೇ ಇಲ್ಲ ಎನ್ನುವುದು ಸರಿಯಲ್ಲ. ಅದು ಹುಟ್ಟುತ್ತದೆ, ಬಹುಭಾಗ ಹುಳಿಯಾಗುತ್ತದೆ, ಸ್ವಲ್ಪ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಸಕ್ಕರೆ, ಸೆಕೆ, ಗಾಳಿ ಮತ್ತು ದಿನಗಳ ಲೆಕ್ಕದ ಮೇಲೆ ನಿಂತಿದೆ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯವು ಮದ್ಯದ ಪಾನೀಯಗಳ ಸಾಲಿಗೆ ಸೇರುತ್ತದೆ. ಅಮೆರಿಕದಲ್ಲಿಯೂ ಗಡಿ ಇಷ್ಟೇ. 2010ರಲ್ಲಿ ಅಲ್ಲಿಯ ದೊಡ್ಡ ಅಂಗಡಿಗಳು ಕೊಂಬುಚಾ ಬಾಟಲಿಗಳನ್ನು ಕಪಾಟಿನಿಂದ ತೆಗೆದಿಟ್ಟವು. ಬಾಟಲಿಯ ಮುಚ್ಚಳ ಹಾಕಿದ ಮೇಲೂ ಒಳಗಿನ ಯೀಸ್ಟ್ ಕೆಲಸ ಮಾಡುತ್ತಲೇ ಇದ್ದು, ಆಲ್ಕೋಹಾಲ್ ಈ ಗಡಿಯನ್ನು ದಾಟುತ್ತದೆಂಬ ಸಂಶಯ ಬಂದುದೇ ಅದಕ್ಕೆ ಕಾರಣ. ಮನೆಯಲ್ಲಿ ಮಾಡಿದ್ದರಲ್ಲಿ ಅದು ಶೇ. 1ನ್ನು ದಾಟುವುದೂ ಉಂಟು.

ಮುಸ್ಲಿಮ್ ದೇಶಗಳ ವಿದ್ವಾಂಸರೂ ಇಂತಹ ಪಾನೀಯಗಳ ಬಗ್ಗೆ ಚಿಂತಿಸಿದ್ದಾರೆ. ಮಲೇಷ್ಯಾದ ಫತ್ವಾ ಸಮಿತಿಯು 2011ರಲ್ಲಿ, ಮದ್ಯ ತಯಾರಿಸುವ ಉದ್ದೇಶವಿಲ್ಲದೆ ಮಾಡಿದ ಪಾನೀಯದಲ್ಲಿ ಆಲ್ಕೋಹಾಲ್ ಶೇ. 1ಕ್ಕಿಂತ ಕಡಿಮೆಯಿದ್ದರೆ ಕುಡಿಯಬಹುದೆಂದಿತು. ಇಂಡೋನೇಷ್ಯಾದ ಉಲಮಾ ಮಂಡಳಿ 2018ರಲ್ಲಿ ಆ ಗಡಿಯನ್ನು ಶೇ. 0.5ಕ್ಕೆ ಇಟ್ಟಿತು. ಇನ್ನು ಕೆಲವರು, ಹೆಚ್ಚು ಕುಡಿದರೆ ಅಮಲೇರಿಸುವಂಥದ್ದರ ಸ್ವಲ್ಪವೂ ಹರಾಮ್ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಮುಂದಿಟ್ಟು ದೂರವಿರುವುದೇ ಲೇಸೆನ್ನುತ್ತಾರೆ. ನಿಮಗೆ ವಿಶ್ವಾಸವಿರುವ ಆಲಿಮರನ್ನು ಕೇಳಿ ತಿಳಿಯಿರಿ. ಆದರೆ ಕೇಳುವಾಗ "ಚಹಾದ ಜ್ಯೂಸ್" ಎಂದಷ್ಟೇ ಹೇಳಬೇಡಿ. ಹೇಗೆ ಮಾಡುತ್ತೀರಿ, ಎಷ್ಟು ದಿನ ಇಡುತ್ತೀರಿ ಎಂಬುದನ್ನೂ ಬಿಡಿಸಿ ಹೇಳಿ. ಪ್ರಶ್ನೆ ಅರ್ಧವಾದರೆ ಉತ್ತರವೂ ಅರ್ಧವೇ.

ಪ್ರವಾದಿ(ಸ)ಯವರ ಮನೆಯಲ್ಲಿ 'ನಬೀದ್' ಎಂಬ ಪಾನೀಯವಿತ್ತು. ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದ ಸಿಹಿನೀರು ಅದು. ಬೆಳಿಗ್ಗೆ ನೆನೆಹಾಕಿದ್ದನ್ನು ಸಂಜೆ, ಸಂಜೆ ನೆನೆಹಾಕಿದ್ದನ್ನು ಬೆಳಿಗ್ಗೆ ಅವರು ಕುಡಿಯುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮೂರನೆಯ ದಿನದ ಸಂಜೆ ಮೀರಿ ಉಳಿದದ್ದನ್ನು ಅವರು ಕುಡಿಯುತ್ತಿರಲಿಲ್ಲವೆಂದು ಇಬ್ನು ಅಬ್ಬಾಸ್(ರ)ರ ವರದಿಗಳಿಂದ ತಿಳಿಯುತ್ತದೆ. ನೋಡಿ, ಅಳೆಯುವ ಯಂತ್ರವಿಲ್ಲದ ಆ ಕಾಲದಲ್ಲಿ ದಿನಗಳ ಲೆಕ್ಕವೇ ಅಳತೆಯಾಗಿತ್ತು. ಹಲಾಲಾದ ಪಾನೀಯವೂ ಸಮಯ ಮೀರಿದರೆ ಬೇರೆಯಾಗಬಹುದೆಂಬ ಎಚ್ಚರಿಕೆ ಅದರಲ್ಲಿದೆ.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಒಂದು ಲೀಟರ್ ನೀರು ಕುದಿಸಿ ಒಲೆಯಿಂದ ಇಳಿಸಿ. ಎರಡು ಸಣ್ಣ ಚಮಚ ಚಹಾಪುಡಿ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಏಲಕ್ಕಿ, ಶುಂಠಿ ಬೆರೆಸಿದ ಮಸಾಲೆ ಚಹಾಪುಡಿ ಬೇಡ, ಹಾಲಂತೂ ಬೇಡವೇ ಬೇಡ. ಸೋಸಿ, ಸುಮಾರು 70 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಲು ಬಿಡಿ. ಬಿಸಿಯಿರುವಾಗ ಹೆಪ್ಪು ಹಾಕಿದರೆ ಅದು ಸಾಯುತ್ತದೆ. ಇದು ಮೊಸರು ಹೆಪ್ಪು ಹಾಕುವವರಿಗೆ ಹೇಳಿಕೊಡಬೇಕಾದ ಮಾತಲ್ಲ. ಆರಿದ ಮೇಲೆ ಹಿಂದಿನ ಬಾರಿಯ ಹುಳಿ ಚಹಾ 150 ಮಿ.ಲೀ. ಸುರಿದು ಪದರವನ್ನು ತೇಲಿಬಿಡಿ. ನಿಜವಾದ ಹೆಪ್ಪು ಈ ಹುಳಿ ನೀರೇ. ಆರಂಭದಲ್ಲೇ ಚಹಾವನ್ನು ಹುಳಿ ಮಾಡಿ ಬೂಷ್ಟನ್ನು ದೂರವಿಡುವುದು ಅದರ ಕೆಲಸ. ಪದರ ಮಾತ್ರ ಹಾಕಿ ಹುಳಿ ನೀರು ಬಿಟ್ಟರೆ ಕೆಡುವ ಸಂಭವ ಹೆಚ್ಚು.

ಪಾತ್ರೆ ಗಾಜಿನದೇ ಆಗಿರಲಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯನ್ನು ಹುಳಿ ತಿನ್ನುತ್ತದೆ. ಬಣ್ಣದ ಮೆರುಗು ಹಚ್ಚಿದ ಮಣ್ಣಿನ ಜಾಡಿಯಿಂದ ಸೀಸ ಇಳಿಯುವ ಅಪಾಯವಿದೆ. ಬಾಯಿಗೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ರಬ್ಬರ್ ಹಾಕಿ ಬಿಗಿಯಿರಿ. ಗಾಳಿ ಆಡಬೇಕು, ಆದರೆ ಹಣ್ಣಿನ ಮೇಲೆ ಕೂರುವ ಸಣ್ಣ ನುಸಿ ಒಳಗೆ ಹೋಗಬಾರದು.

ಇದಕ್ಕೆ ಹಿಡಿಸುವ ಸೆಕೆ 24ರಿಂದ 29 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವುದರಿಂದ ಆಗ ಶುರುಮಾಡುವುದು ಬೇಡ. ಸೆಕೆ ಹೆಚ್ಚಾದರೆ ಯೀಸ್ಟ್ ಮುಂದೆ ಓಡಿ ಬ್ಯಾಕ್ಟೀರಿಯಾ ಹಿಂದೆ ಬೀಳುತ್ತದೆ, ಅಂದರೆ ಆಲ್ಕೋಹಾಲ್ ಉಳಿಯುವ ಸಂಭವ ಹೆಚ್ಚು. ಮಳೆಗಾಲ ಅಥವಾ ಚಳಿಗಾಲದ ಮೊದಲ ತಿಂಗಳುಗಳೇ ಒಳ್ಳೆಯವು. ಏಳರಿಂದ ಹತ್ತು ದಿನಗಳಲ್ಲಿ ಹುಳಿ ಬರುತ್ತದೆ. ಪದರದ ಕೆಳಗೆ ಕಂದು ಎಳೆಗಳು ಕಂಡರೆ ಹೆದರಬೇಡಿ, ಅದು ಯೀಸ್ಟ್. ಆದರೆ ಮೇಲ್ಭಾಗದಲ್ಲಿ ಹಸಿರು, ಕಪ್ಪು ಅಥವಾ ಬಿಳಿಯ ಒಣ ನವಿರು ಕಂಡರೆ ಅದು ಬೂಷ್ಟು. ಮೇಲಿನದನ್ನು ತೆಗೆದು ಉಳಿದದ್ದನ್ನು ಉಳಿಸುವ ಜಿಪುಣತನ ಬೇಡ. ಪದರ ಸಮೇತ ಎಲ್ಲವನ್ನೂ ಚೆಲ್ಲಿ, ಜಾಡಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ಹುಳಿಯನ್ನು ನೋಡುವ ಪಿಎಚ್ ಕಾಗದ ಸಿಕ್ಕಿದರೆ ಒಳ್ಳೆಯದು. ಏಳು ದಿನದಲ್ಲಿ ಅದು 4.2ಕ್ಕೆ ಇಳಿಯದಿದ್ದರೆ ಚೆಲ್ಲುವುದೇ ಸರಿ.

ಬಾಟಲಿಗೆ ಹಣ್ಣಿನ ರಸ ಸೇರಿಸಿ, ಬಿಗಿಯಾಗಿ ಮುಚ್ಚಿ, ನೊರೆ ಬರುವವರೆಗೆ ಹೊರಗಿಡುವ ಎರಡನೆಯ ಹಂತವೊಂದಿದೆ. ಅಂತರ್ಜಾಲದ ವೀಡಿಯೋಗಳಲ್ಲಿ ಕಾಣುವ ನೊರೆ ಅದೇ. ಹೊಸ ಸಕ್ಕರೆ ಸಿಕ್ಕಿತು, ಗಾಳಿ ನಿಂತಿತು. ಯೀಸ್ಟ್ ದುಡಿಯುತ್ತದೆ, ಬ್ಯಾಕ್ಟೀರಿಯಾ ಸುಮ್ಮನಾಗುತ್ತದೆ. ಆಲ್ಕೋಹಾಲ್ ಏರುವುದು ಮುಖ್ಯವಾಗಿ ಇಲ್ಲಿಯೇ. ಅನಿಲ ಹೆಚ್ಚಾಗಿ ಬಾಟಲಿ ಸಿಡಿಯುವುದೂ ಉಂಟು. ಆದ್ದರಿಂದ ನಮ್ಮ ಮನೆಗಳಲ್ಲಿ ಈ ಹಂತ ಖಂಡಿತ ಬೇಡ.

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಥೈರಾಯ್ಡ್ ಎಲ್ಲವೂ ಇದರಿಂದ ಗುಣವಾಗುತ್ತದೆಂದು ಹೇಳುವವರಿದ್ದಾರೆ. ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. 2023ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯವರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಸ್ವಲ್ಪ ಒಳ್ಳೆಯ ಫಲಿತಾಂಶ ಕಂಡಿತೆನ್ನುವುದು ನಿಜ. ಆದರೆ ಅದರಲ್ಲಿದ್ದವರು ಕೇವಲ 12 ಮಂದಿ. ಇತ್ತ 1995ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಪ್ರತಿದಿನ ಇದನ್ನು ಕುಡಿಯುತ್ತಿದ್ದ ಇಬ್ಬರು ಮಹಿಳೆಯರು ರಕ್ತದಲ್ಲಿ ಆಮ್ಲ ಹೆಚ್ಚಾಗಿ ತೀವ್ರ ಅಸ್ವಸ್ಥರಾದರು, ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣವೆಂದು ಸಾಬೀತಾಗಲಿಲ್ಲ. ಆದರೂ ಆರೋಗ್ಯವಂತರಿಗೆ ದಿನಕ್ಕೆ ಅರ್ಧ ಲೋಟ, ಅಂದರೆ 120 ಮಿ.ಲೀ. ಸಾಕು ಎಂಬ ಲೆಕ್ಕ ಆಮೇಲೆ ರೂಢಿಗೆ ಬಂತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇದರ ಗೊಡವೆಗೆ ಹೋಗಬಾರದು.

ಇಷ್ಟೆಲ್ಲ ಓದಿ, ಕೇಳಿ ತಿಳಿದ ಮೇಲೆ ನಾನು ಮಗಳಿಗೆ ಹೇಳಿದ್ದು ಒಂದೇ: "ಇದರಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂದು ಅಡುಗೆಮನೆಯಲ್ಲಿ ಅಳೆಯಲು ನಮ್ಮಿಂದ ಆಗುವುದಿಲ್ಲ. ನಾಲಿಗೆಗೂ ತಿಳಿಯುವುದಿಲ್ಲ. ದಾದಿಗೆ ಏನು ಉತ್ತರ ಕೊಡುತ್ತೀ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದ್ದನ್ನು ದಾದಿಗೆ ಕುಡಿಸಲಾರೆ ಅಮ್ಮೀ. ಹಾಗಾದರೆ ನಾನೂ ಕುಡಿಯುವುದಿಲ್ಲ. ಆದರೆ ಚೆಲ್ಲಲೂ ಮನಸ್ಸಿಲ್ಲ" ಎಂದಳು.

ದಾರಿ ತೋರಿಸಿದವರು ಅತ್ತೆಯವರೇ. "ಚೆಲ್ಲುವುದು ಯಾಕೆ? ಹುಳಿ ಆಗುತ್ತಾ ಹೋಗುತ್ತದೆ ಎಂದೆಯಲ್ಲ, ಪೂರಾ ಸಿರ್ಕಾ ಆಗುವವರೆಗೆ ಬಿಡು. ಸಿರ್ಕಾಕ್ಕೆ ಯಾರ ಅಡ್ಡಿ?"

ಎಷ್ಟು ಸರಿಯಾದ ಮಾತು! ಸಿರ್ಕಾ ಒಳ್ಳೆಯ ವ್ಯಂಜನವೆಂದು ಪ್ರವಾದಿ(ಸ)ಯವರೇ ಹೊಗಳಿದ್ದಾರೆ. ಮದ್ಯವೇ ತಾನಾಗಿ ಸಿರ್ಕಾ ಆಗಿ ಬದಲಾದರೂ ಅದು ಹಲಾಲ್ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊಂಬುಚಾವನ್ನು ಬಟ್ಟೆ ಕಟ್ಟಿದ ಜಾಡಿಯಲ್ಲಿ, ಗಾಳಿಯಾಡುವಂತೆ, ನಾಲ್ಕರಿಂದ ಆರು ವಾರ ಬಿಟ್ಟರೆ ಸಿಹಿ ಬಹುಪಾಲು ಹೋಗಿ, ಆಲ್ಕೋಹಾಲ್ ಹುಳಿಯಾಗಿ, ಮೂಗಿಗೆ ಹೊಡೆಯುವ ಸಿರ್ಕಾ ಸಿದ್ಧವಾಗುತ್ತದೆ. ಈರುಳ್ಳಿ, ಸೌತೆಕಾಯಿ ಹೆಚ್ಚಿದ್ದಕ್ಕೆ, ಮಾಂಸ ನೆನೆಸುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಇದರ ಹುಳಿ ಅಂಗಡಿಯ ಸಿರ್ಕಾದಷ್ಟು ನಿಶ್ಚಿತವಲ್ಲದ ಕಾರಣ ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ನೆಚ್ಚಬೇಡಿ.

ಈಗ ನಮ್ಮ ಜಾಡಿಯಲ್ಲಿ ಆಗುವುದೆಲ್ಲ ಸಿರ್ಕಾವೇ. ಕುಡಿಯುವುದಕ್ಕೆ ಅಂಬಲಿ ಇದೆ, ಮಜ್ಜಿಗೆ ಇದೆ, ಇಫ್ತಾರ್‌ಗೆ ಬೆಳಿಗ್ಗೆ ನೆನೆಹಾಕಿದ ಖರ್ಜೂರದ ನೀರಿದೆ. ರಾತ್ರಿ ಹುಳಿಸಿ ಬೆಳಿಗ್ಗೆ ಕುದಿಸುವ ಅಂಬಲಿಯ ಬಗ್ಗೆ ಯಾರೂ ಫತ್ವಾ ಕೇಳಬೇಕಾಗಿಲ್ಲ. ಅದಕ್ಕೆ ಸಕ್ಕರೆಯ ಖರ್ಚೂ ಇಲ್ಲ.

ಸಹೋದರಿಯರೇ, ಮಕ್ಕಳು ಹೊಸದೇನಾದರೂ ತಂದಾಗ ಬಾಗಿಲಲ್ಲೇ ತಡೆಯಬೇಡಿ, ಕಣ್ಣುಮುಚ್ಚಿ ಒಪ್ಪಿಕೊಳ್ಳಲೂ ಬೇಡಿ. ಅದು ಹೇಗೆ ಆಗುತ್ತದೆ, ಅದರಲ್ಲಿ ಏನಿದೆ ಎಂದು ಅವರೊಂದಿಗೆ ಕುಳಿತು ತಿಳಿಯಿರಿ. ಸಂಶಯವಿರುವುದನ್ನು ಬಿಟ್ಟು ಸಂಶಯವಿಲ್ಲದ್ದನ್ನು ಆರಿಸಿಕೊಳ್ಳಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಅದನ್ನು ಪಾಲಿಸುವುದು ಹೇಗೆಂದು ಅವರು ಕಲಿಯುವುದು ನಮ್ಮ ಅಡುಗೆಮನೆಯಲ್ಲಿ. ಹಲಾಲಾದ ತುತ್ತು, ಹಲಾಲಾದ ಗುಟುಕು ನಮ್ಮೆಲ್ಲರ ಮನೆಗಳಿಗೂ ಅಲ್ಲಾಹನು ದಯಪಾಲಿಸಲಿ.