ಕಾಕ್‌ಪಿಟ್‌ನಲ್ಲೊಂದು ಮಿಕ್ಸಿ

ಊರಲ್ಲಿ ನಮ್ಮನೇಲಿ ದಿನಾ ಸಂಜೆ ಒಂದು ಜಗಳ ಗ್ಯಾರಂಟಿ ಇರ್ತಿತ್ತು. ಅಪ್ಪ ವಾರ್ತೆ ಕೇಳೋಕೆ ಅಂತ ಭದ್ರಾವತಿ ಆಕಾಶವಾಣಿ ಹಾಕ್ಕೊಂಡು ಕೂತಿರೋರು, ಸರಿಯಾಗಿ ಅದೇ ಹೊತ್ತಿಗೆ ಅಮ್ಮ ಅಡುಗೆಮನೇಲಿ ಮಿಕ್ಸಿ ಆನ್ ಮಾಡೋರು. ಮುಖ್ಯಾಂಶಗಳು ಶುರುವಾಗೋದೇ ತಡ, ರೇಡಿಯೊದೊಳಗೆ ಜೀರುಂಡೆಗಳ ಹಿಂಡೇ ನುಗ್ಗಿದ ಹಾಗೆ ಜಿರ್ರ್ ಅನ್ನೋದು. "ಎರಡು ನಿಮಿಷ ನಿಲ್ಸೇ ಮಾರಾಯ್ತಿ" ಅಂತ ಅಪ್ಪ, "ಹಾಗಾದ್ರೆ ನೀವೇ ಬಂದು ರುಬ್ಬಿ" ಅಂತ ಅಮ್ಮ. ಮಿಕ್ಸಿ ಕೆಟ್ಟಿರಲಿಲ್ಲ, ರೇಡಿಯೊನೂ ಕೆಟ್ಟಿರಲಿಲ್ಲ. ಎರಡೂ ಒಂದೇ ಮನೇಲಿ ಇದ್ದದ್ದೇ ತೊಂದರೆ.

ಆ ಜೀರುಂಡೆ ಸದ್ದು ನನಗೆ ಮತ್ತೆ ಕೇಳಿಸಿದ್ದು ಎಷ್ಟೋ ವರ್ಷ ಆದಮೇಲೆ, ಜರ್ಮನಿಯ ಒಂದು ಹಳ್ಳಿಯ ಮೇಲೆ, 1200 ಮೀಟರ್ ಎತ್ತರದಲ್ಲಿ, ಗ್ಲೈಡರ್‌ನಲ್ಲಿ ಒಬ್ಬನೇ ಕೂತಿದ್ದಾಗ. ಈ ಸಲ ಮಿಕ್ಸಿ ಆನ್ ಮಾಡಿದ್ದು ನಾನೇ.

ಗ್ಲೈಡರ್ ಅಂದ್ರೆ ಎಂಜಿನ್ ಇಲ್ಲದ ವಿಮಾನ. ಮೊದಲ ಮಹಾಯುದ್ಧ ಸೋತಮೇಲೆ ವರ್ಸೈ ಒಪ್ಪಂದ ಜರ್ಮನರ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು ನೋಡಿ, ಆಗ ಇಲ್ಲಿನ ಹುಡುಗರು 1920ರಲ್ಲಿ ವಾಸರ್‌ಕುಪ್ಪೆ ಅನ್ನೋ ಬೆಟ್ಟ ಹತ್ತಿ ಎಂಜಿನ್ ಇಲ್ಲದೇ ಹಾರುವ ಸ್ಪರ್ಧೆ ಶುರುಮಾಡಿದ್ರು. ಆ ಹುಚ್ಚು ಇನ್ನೂ ಇಳಿದಿಲ್ಲ. ನಮ್ಮಲ್ಲಿ ಊರಿಗೊಂದು ಕ್ರಿಕೆಟ್ ಟೀಮ್ ಇದ್ದ ಹಾಗೆ ಇಲ್ಲಿ ಎಲ್ಲೆಲ್ಲೂ ಗ್ಲೈಡಿಂಗ್ ಕ್ಲಬ್‌ಗಳು. ಆಫೀಸಿನ ಸಹೋದ್ಯೋಗಿಯೊಬ್ಬನ ಜೊತೆ ಒಂದು ಶನಿವಾರ ಸುಮ್ಮನೆ ನೋಡೋಕೆ ಹೋದವನು ನಾನು, ಮೂರನೇ ವರ್ಷಕ್ಕೆ ಲೈಸೆನ್ಸ್ ಕೈಯಲ್ಲಿ ಹಿಡ್ಕೊಂಡಿದ್ದೆ.

ನಾಚಿಕೆಯ ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ಹೊಟ್ಟೆಪಾಡು ಕಾರುಗಳ ಎಲೆಕ್ಟ್ರಾನಿಕ್ಸ್. ಒಂದು ಡಬ್ಬಿ ಇನ್ನೊಂದು ಡಬ್ಬಿಯ ಕೆಲಸ ಕೆಡಿಸಬಾರದು ಅಂತ ವಾರಗಟ್ಟಲೆ ಟೆಸ್ಟ್ ಚೇಂಬರ್‌ನಲ್ಲಿ ಕಾಯೋದೇ ನನ್ನ ನೌಕರಿ. ಆದ್ರೆ ವೀಕೆಂಡ್ ಬಂತು ಅಂದ್ರೆ ಆ ಬುದ್ಧಿ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿದುಬಿಡುತ್ತೆ.

ನಾನು ಹಾರಿಸ್ತಿದ್ದದ್ದು ಕ್ಲಬ್ಬಿನ ಎಲ್‌ಎಸ್4, ಒಂಟಿ ಸೀಟಿನದು. ಕಾಲು ಚಾಚಿ ಅರ್ಧ ಮಲಗಿಕೊಂಡೇ ಕೂರಬೇಕು. ಮಂಡಿಗಳ ನಡುವೆ ಅಣಬೆಯ ಹಾಗೆ ಎದ್ದುನಿಂತ ಒಂದು ಪುಟ್ಟ ಪ್ಯಾನೆಲ್. ಅಷ್ಟು ಜಾಗದಲ್ಲಿ ಯಾರ್ಯಾರು ಸಂಸಾರ ಮಾಡ್ತಾರೆ ಕೇಳಿ: 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಮಾತಾಡೋ ರೇಡಿಯೊ. ಅಕ್ಕಪಕ್ಕದ ಗ್ಲೈಡರ್‌ಗಳಿಗೆ 'ನಾನಿಲ್ಲಿದ್ದೀನಿ' ಅಂತ 868 ಮೆಗಾಹರ್ಟ್ಸ್‌ನಲ್ಲಿ ಹೇಳ್ತಾ ಇರೋ ಫ್ಲಾರ್ಮ್. ರೇಡಾರ್ ಕೇಳಿದಾಗಲೆಲ್ಲ 1090ರಲ್ಲಿ, ಕಣ್ಣು ಮಿಟುಕಿಸೋಕಿಂತ ಕಡಿಮೆ ಹೊತ್ತು, ಆದ್ರೆ ನೂರಕ್ಕೂ ಹೆಚ್ಚು ವಾಟ್ ದನಿಯಲ್ಲಿ ಕೂಗೋ ಟ್ರಾನ್ಸ್‌ಪಾಂಡರ್. ಇವರೆಲ್ಲರ ಗಲಾಟೆ ಮಧ್ಯೆ 20,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳ ಪಿಸುಮಾತು ಕೇಳಿಸ್ಕೋಬೇಕಾದ ಪಾಪದ ಜಿಪಿಎಸ್. ಜೊತೆಗೆ, ಏರ್ತಾ ಇದ್ದೀಯೋ ಇಳೀತಾ ಇದ್ದೀಯೋ ಅಂತ ಕುಯ್ಯ್ ಕುಯ್ಯ್ ಅಂತ ಹೇಳೋ ವೇರಿಯೊಮೀಟರ್. ಕಾರಲ್ಲಾದ್ರೆ ಲೋಹದ ಬಾಡಿ, ಲೋಹದ ಡಬ್ಬಿಗಳು ಗೋಡೆಯ ಹಾಗೆ ಅಡ್ಡ ನಿಲ್ಲುತ್ತವೆ. ಎಲ್‌ಎಸ್4ರ ಮೈ ಗ್ಲಾಸ್ ಫೈಬರ್, ರೇಡಿಯೊ ಅಲೆಗಳಿಗೆ ಅದು ಇದ್ದೂ ಇಲ್ಲದ ಹಾಗೆ. ಬಿಟಿಎಂ ಲೇಔಟಿನ ಪಿಜಿ ರೂಮಿನಲ್ಲಿ ಐದು ಜನ ಒಟ್ಟಿಗೆ ಫೋನಲ್ಲಿ ಮಾತಾಡಿದ ಹಾಗೆ ಅಂದ್ಕೊಳ್ಳಿ.

ಇಷ್ಟು ಸಾಲದು ಅಂತ ನಾನು ಆರನೆಯವನನ್ನು ಕರ್ಕೊಂಡು ಬಂದೆ. ಫೋನಿನಲ್ಲಿ ಎಕ್ಸ್‌ಸಿಸೋರ್ ಅನ್ನೋ ನ್ಯಾವಿಗೇಶನ್ ಆ್ಯಪ್ ಓಡಿಸ್ತಿದ್ದೆ. ಬಿಸಿಲಲ್ಲಿ ಸ್ಕ್ರೀನ್ ಕಾಣಬೇಕಾದ್ರೆ ಬ್ರೈಟ್‌ನೆಸ್ ಪೂರ್ತಿ ಇಡಬೇಕು, ಎರಡು ಗಂಟೆಗೆ ಬ್ಯಾಟರಿ ಖಾಲಿ. ಅದಕ್ಕೇ ಕಾರಿನದೊಂದು ಅಗ್ಗದ ಯುಎಸ್‌ಬಿ ಚಾರ್ಜರ್ ತಂದು ಪ್ಯಾನೆಲ್ಲಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿದೆ. ವಿಮಾನದಲ್ಲಿ ಒಂದು ವೈರ್ ಕಾಯಂ ಆಗಿ ಎಳೀಬೇಕಾದ್ರೂ ಕಾಗದ ಪತ್ರ, ಇನ್‌ಸ್ಪೆಕ್ಟರ್ ಸಹಿ ಬೇಕು. ಸಾಕೆಟ್‌ಗೆ ಚುಚ್ಚೋದನ್ನ ಯಾರು ಕೇಳ್ತಾರೆ?

ಚುಚ್ಚಿದ ಮೊದಲ ದಿನವೇ ರೇಡಿಯೊ ಶೂ ಅಂತ ಶುರುವಾಯ್ತು. ರೇಡಿಯೊದಲ್ಲಿ ಸ್ಕ್ವೆಲ್ಚ್ ಅಂತ ಒಂದಿರುತ್ತೆ, ಗೇಟಿನ ವಾಚ್‌ಮನ್ ಇದ್ದ ಹಾಗೆ. ಇಷ್ಟು ಜೋರು ಇರೋ ಸಿಗ್ನಲ್ ಬಂದ್ರೆ ಮಾತ್ರ ಒಳಗೆ ಬಿಡ್ತಾನೆ, ಉಳಿದ ಹೊತ್ತು ಸ್ಪೀಕರ್ ಮೌನ. ಚಾರ್ಜರ್‌ನ ಗದ್ದಲ ವಾಚ್‌ಮನ್‌ನನ್ನೇ ತಳ್ಕೊಂಡು ಒಳಗೆ ಬರ್ತಿತ್ತು. ನಾನೇನು ಮಾಡಿದೆ? ಗದ್ದಲ ನಿಲ್ಲಿಸಲಿಲ್ಲ, ವಾಚ್‌ಮನ್‌ಗೆ ಇನ್ನೂ ಸ್ಟ್ರಿಕ್ಟ್ ಆಗು ಅಂದೆ. ಸ್ಕ್ವೆಲ್ಚ್ ಪೂರ್ತಿ ಏರಿಸಿದೆ. ಆಹಾ, ಎಂಥ ನಿಶ್ಶಬ್ದ!

ಅವತ್ತು ಎರಡೂವರೆ ಗಂಟೆ ಹಾರಿ ಇಳಿಯೋಕೆ ಬಂದೆ. ರನ್‌ವೇಗೆ ಸಮಾನಾಂತರವಾಗಿ ಹಾರ್ತಾ ರೇಡಿಯೊದಲ್ಲಿ ನನ್ನ ಜಾಗ ಹೇಳಿದೆ. ಉತ್ತರ ಬರಲಿಲ್ಲ. ಯಾರೂ ಇಲ್ಲ ಅಂದ್ಕೊಂಡೆ. ಬಟನ್ ಒತ್ತಿದಾಗ ವೇರಿಯೊ ಮುಳ್ಳು ಯಾವತ್ತಿನ ಹಾಗೆ ಟಪ್ ಅಂತ ಮೇಲಕ್ಕೆ ಹಾರಿತು. ಆ ಗ್ಲೈಡರ್‌ನಲ್ಲಿ ಅದು ಹಾಗೇನೇ ಅಂತ ಎಲ್ಲರಿಗೂ ಗೊತ್ತಿತ್ತು, ತಮಾಷೆನೂ ಮಾಡ್ತಿದ್ವಿ. ಕೊನೇ ತಿರುವು ತಗೊಳ್ಳುವಾಗ ಫ್ಲಾರ್ಮ್ ಕಿರುಚಿತು. ಬಲಗಡೆ ಬಗ್ಗಿ ನೋಡಿದೆ. ನನ್ನ ರೆಕ್ಕೆಯ ಕೆಳಗೇ, ಒಳಗೆ ಕೂತವರ ಟೋಪಿ ಕಾಣುವಷ್ಟು ಹತ್ತಿರ, ನಮ್ಮದೇ ಕ್ಲಬ್ಬಿನ ಎರಡು ಸೀಟಿನ ಎಎಸ್‌ಕೆ 21. ಮುಂದೆ ಹದಿನೈದು ವರ್ಷದ ಹುಡುಗಿ, ಹಿಂದೆ ಇನ್‌ಸ್ಟ್ರಕ್ಟರ್.

ಎಂಜಿನ್ ಇದ್ರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೊಡೀಬಹುದು. ಗ್ಲೈಡರ್‌ಗೆ ಎರಡನೇ ಚಾನ್ಸ್ ಇಲ್ಲ. ಏರ್‌ಬ್ರೇಕ್ ಮುಚ್ಚಿ, ಎಡಕ್ಕೆ ಸರಿದು, ಹುಲ್ಲಿನ ಆ ತುದೀಲಿ ಉದ್ದಕ್ಕೆ ಹೋಗಿ ಇಳಿಸಿದೆ. ಕೆನೊಪಿ ತೆಗೆಯೋಕೆ ಕೈ ಬರ್ಲಿಲ್ಲ, ಅಷ್ಟು ನಡುಗ್ತಿತ್ತು.

ಇನ್‌ಸ್ಟ್ರಕ್ಟರ್ ನಡ್ಕೊಂಡು ಬಂದ್ರು. ಬೈತಾರೆ ಅಂದ್ಕೊಂಡಿದ್ದೆ. "ನಾವು ಎರಡು ಸಲ ಕರೆದ್ವಿ, ನೆಲದಿಂದ ಮೂರು ಸಲ ಕರೆದ್ರು. ಯಾಕೆ ಮಾತಾಡಲಿಲ್ಲ?" ಅಂದ್ರು ಅಷ್ಟೇ. ಹುಡುಗಿ ಹಿಂದೆ ನಿಂತು ನನ್ನನ್ನೇ ನೋಡ್ತಿದ್ಲು. ನಾನು ಹೇಳಿದ್ದು ಅವರಿಗೆಲ್ಲ ಕೇಳಿಸಿತ್ತು, ಕ್ಷೀಣವಾಗಿಯಾದ್ರೂ. ಅವರದ್ದು ನನಗೆ ಒಂದಕ್ಷರ ಕೇಳಿಸಿರಲಿಲ್ಲ.

ಮರುದಿನ ಕ್ಲಬ್ಬಿನ ವರ್ಕ್‌ಶಾಪ್ ನೋಡ್ಕೊಳ್ಳೋ ಹಿರಿಯರು ನನ್ನನ್ನ ಕರೆಸಿದ್ರು. ಎಪ್ಪತ್ತು ದಾಟಿದೆ, ಮಾತು ಕಮ್ಮಿ. ಗ್ಲೈಡರ್‌ನ ಹ್ಯಾಂಗರ್‌ನಿಂದ ಹೊರಗೆ ತಳ್ಳು ಅಂದ್ರು. ಹ್ಯಾಂಗರ್‌ನ ಎಲ್‌ಇಡಿ ದೀಪಗಳದ್ದೇ ಬೇರೆ ಗದ್ದಲ ಇರುತ್ತೆ. ಆಮೇಲೆ ಎಲ್ಲ ಆಫ್ ಮಾಡಿಸಿ, ರೇಡಿಯೊ ಒಂದನ್ನೇ ಹಾಕಿ, ಸ್ಕ್ವೆಲ್ಚ್ ಪೂರ್ತಿ ತೆಗೆಸಿದ್ರು. ಸಣ್ಣಗೆ ಸುಯ್ಯ್ ಅಂತ ಸದ್ದು. "ಇದು ನಿನ್ನ ಅಳತೆಗೋಲು. ಈಗ ಒಂದೊಂದೇ ಹಾಕು." ಒಂದು ಹಾಳೆ ಮೇಲೆ ಅಡ್ಡ ಸಾಲಿನಲ್ಲಿ ತೊಂದರೆ ಕೊಡೋರು, ಉದ್ದ ಸಾಲಿನಲ್ಲಿ ತೊಂದರೆ ಪಡೋರು. ಫ್ಲಾರ್ಮ್ ಹಾಕಿದೆ, ಸದ್ದು ಬದಲಾಗಲಿಲ್ಲ. ಟ್ರಾನ್ಸ್‌ಪಾಂಡರ್, ಇಲ್ಲ. ಚಾರ್ಜರ್ ಚುಚ್ಚಿದ ತಕ್ಷಣ ಜೀರುಂಡೆಗಳು ಹಾಜರ್.

12 ವೋಲ್ಟನ್ನ 5 ವೋಲ್ಟಿಗೆ ಇಳಿಸೋ ಆ ಚಾರ್ಜರ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತೆ. ಅದರ ಮರಿ-ಮೊಮ್ಮಕ್ಕಳ ಹಾಗಿರೋ ಹಾರ್ಮೋನಿಕ್‌ಗಳು ಏರಿ ಏರಿ ವಿಮಾನದ ರೇಡಿಯೊ ಬ್ಯಾಂಡ್ ತನಕ ಬರುತ್ತವೆ. ಹೊರಗೆ ಹೋಗೋಕೆ ಅವಕ್ಕೊಂದು ಆಂಟೆನಾ ಬೇಕಷ್ಟೆ. ಆ ಬ್ಯಾಂಡಿಗೆ ಕಾಲು ತರಂಗಾಂತರದ ಆಂಟೆನಾ ಅಂದ್ರೆ ಸುಮಾರು 60 ಸೆಂಟಿಮೀಟರ್. ನನ್ನ ಫೋನಿನ ಕೇಬಲ್ ಅಳೆದೆವು. ಹೇಳೋದೇ ಬೇಡ. "ಆದ್ರೆ ಇದಕ್ಕೆ ಸಿಇ ಮಾರ್ಕ್ ಇದೆಯಲ್ಲ" ಅಂದೆ, ಆಫೀಸಿನವನ ಹಾಗೆ. ಅವರು ಚಾರ್ಜರ್‌ನಿಂದ ರೇಡಿಯೊಗೆ ಗೇಣಿಟ್ಟು ತೋರಿಸಿದ್ರು. ಆ ಮಾರ್ಕಿನ ಹಿಂದಿರೋ ಅಳತೆಗಳನ್ನ ಮಾಡೋದು ಮೂರು ಮೀಟರ್, ಹತ್ತು ಮೀಟರ್ ದೂರದಿಂದ. ನನಗೇ ಗೊತ್ತಿರಬೇಕಾದ ವಿಷಯ.

ಅಲ್ಲಿಗೆ ಮುಗೀತು ಅಂದ್ಕೊಂಡೆ. ಅವರು ಬಟನ್ ಒತ್ತಿದ್ರು, ವೇರಿಯೊ ಮುಳ್ಳು ಹಾರಿತು. ನಾನು ನಕ್ಕೆ, ಅವರು ನಗಲಿಲ್ಲ. ಗ್ಲೈಡರ್‌ನ ಬಾಲದಲ್ಲಿರೋ ಆಂಟೆನಾಗೆ ಹೋಗೋ ಕೇಬಲ್ಲಿನ ಕನೆಕ್ಟರ್ ಬಿಚ್ಚಿದ್ರು. ಕೇಬಲ್ ಸುತ್ತ ಜಡೆಯಂತಿರೋ ತಾಮ್ರದ ಹೆಣಿಗೆ ಹೆಚ್ಚುಕಮ್ಮಿ ಪೂರ್ತಿ ಕಿತ್ತುಹೋಗಿ, ಎರಡು ಎಳೆ ಉಳಿದಿತ್ತು. ಆಂಟೆನಾಗೆ ಹೋಗಬೇಕಾದ ಶಕ್ತಿ ಕಾಕ್‌ಪಿಟ್‌ನಲ್ಲೇ ಸೋರಿ ವೇರಿಯೊ ಒಳಗೆ ಹೋಗ್ತಿತ್ತು. ಆಂಟೆನಾದಿಂದ ಬರಬೇಕಾದ ದನಿಗಳು ದಾರೀಲೇ ಸೊರಗ್ತಿದ್ವು. ಮೊದಲೇ ಸೊರಗಿದ ದನಿ, ಮೇಲೆ ನಾನು ನಿಲ್ಲಿಸಿದ್ದ ಸ್ಟ್ರಿಕ್ಟ್ ವಾಚ್‌ಮನ್. ಇಡೀ ಸೀಸನ್ ಆ ಮುಳ್ಳು ಹಾರಿ ಹಾರಿ ಇದನ್ನೇ ಹೇಳ್ತಿತ್ತು, ನಾವು ತಮಾಷೆ ಮಾಡ್ಕೊಂಡು ಹಾರಿದ್ವಿ.

ಹೊಸ ಕನೆಕ್ಟರ್ ಹಾಕಿದ್ವಿ. ವೇರಿಯೊ ವೈರುಗಳನ್ನ ಆಂಟೆನಾ ಕೇಬಲ್ಲಿಂದ ದೂರ ಸರಿಸಿದ್ವಿ. ಹಳೇ ಲ್ಯಾಪ್‌ಟಾಪ್ ಚಾರ್ಜರ್ ವೈರಲ್ಲಿ ಹೆಬ್ಬೆರಳು ಗಾತ್ರದ ಗಂಟು ನೋಡಿರ್ತೀರಲ್ಲ, ಅದೇ ಫೆರೈಟ್, ಅಂಥವೆರಡು ಕ್ಲಿಪ್ ಮಾಡಿದ್ವಿ. ದಿಕ್ಸೂಚಿ ಹತ್ತಿರ ಹೋಗೋ ಕೆಂಪು-ಕಪ್ಪು ವೈರುಗಳನ್ನ ಅವರು ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದ್ರು. ಅಜ್ಜಿ ದೀಪದ ಬತ್ತಿ ಹೊಸೆದ ಹಾಗೇ ಕಾಣ್ತಿತ್ತು. ಹೋಗೋ ಕರೆಂಟು, ಬರೋ ಕರೆಂಟು ಒಂದನ್ನೊಂದು ತಬ್ಬಿಕೊಂಡ್ರೆ ಎರಡರ ಕಾಂತಕ್ಷೇತ್ರವೂ ಹೊರಗೆ ಹೆಚ್ಚುಕಡಿಮೆ ರದ್ದು. ಅಂದಹಾಗೆ, ದಿಕ್ಸೂಚಿಯನ್ನ ನಿಜವಾಗಿ ಕೆಡಿಸ್ತಿದ್ದದ್ದು ನನ್ನ ಫೋನ್ ಹೋಲ್ಡರಿನ ಆಯಸ್ಕಾಂತ. ಅದೂ ನನ್ನದೇ.

ಪವರ್‌ಬ್ಯಾಂಕೂ ಟೆಸ್ಟ್ ಮಾಡಿದ್ವಿ. ಅದರೊಳಗೂ ಅಂಥದೇ ಸರ್ಕ್ಯೂಟ್. ನನ್ನದು ಗದ್ದಲ ಮಾಡ್ತು, ಅವರದ್ದು ಮಾಡಲಿಲ್ಲ, ನೋಡೋಕೆ ಎರಡೂ ಒಂದೇ ಥರ. ಈಗ ನಾನು ಅವರದ್ದನ್ನೇ ಕಡ ತಗೊಂಡು ಹೋಗ್ತೀನಿ, ಗಿಡ್ಡ ಕೇಬಲ್ ಜೊತೆ.

ಮುಂದಿನ ಶನಿವಾರ ಮೇಲೆ ಹೋಗಿ ರೇಡಿಯೊ ಚೆಕ್ ಕೇಳಿದೆ. ನೆಲದಿಂದ "ಐದು" ಅಂತ ಬಂತು, ಅಂದ್ರೆ ಪೂರ್ತಿ ಸ್ಪಷ್ಟ. ಹೇಳಿದ್ದು ಆ ಹುಡುಗಿ. ಲಾಂಚ್ ಪಾಯಿಂಟಿನಲ್ಲಿ ಅವತ್ತು ಅವಳದ್ದೇ ಡ್ಯೂಟಿ. ಒಂದು ಕ್ಷಣ ಬಿಟ್ಟು ಕೇಳಿದ್ಲು: "ನಮ್ಮದು ನಿಮಗೆ ಕೇಳಿಸ್ತಿದೆಯಾ?"

ಆ ಚಾರ್ಜರ್ ಈಗ ನನ್ನ ಕಾರಿನಲ್ಲಿದೆ. ಹಾಕಿದಾಗಲೆಲ್ಲ ರೇಡಿಯೊದಲ್ಲಿ ಒಂದು ಸ್ಟೇಶನ್ ಮಾಯ. ಹೆಂಡತಿ ಬಿಸಾಕಿ ಅಂತಾಳೆ. ಇರಲಿ ಬಿಡು ಅಂತೀನಿ.