ಮಾಟುಂಗಾದಲ್ಲಿ ಅಪ್ಪನ ನಂಬರು

ಮಾಟುಂಗಾ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಮುಂಬಯಿ ಸ್ವಲ್ಪ ಹೊತ್ತು ಮುಂಬಯಿಯಂತೆ ಕಾಣುವುದಿಲ್ಲ. ಬಾಳೆಲೆ, ಮೊಳ ಮಲ್ಲಿಗೆ, ಕಾಫಿ ಪುಡಿಯ ಘಮ. 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಒಂದೆಡೆ, ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇನ್ನೊಂದೆಡೆ. ಸಾಗರದಿಂದ ಬಂದ ಅಮ್ಮನಿಗೆ ಈ ಊರಿನಲ್ಲಿ ಹಿಡಿಸಿದ ಜಾಗ ಇದೊಂದೇ.

ಅಪ್ಪ ಹೋಗಿ ಎಂಟು ತಿಂಗಳು. ಅಲ್ಲಿಯವರೆಗೆ ಮನೆಯ ಲೆಕ್ಕವೆಲ್ಲ ಅವರದೇ. ಅಮ್ಮನ ಬ್ಯಾಂಕ್ ಖಾತೆಗೆ ಜೋಡಿಸಿದ್ದೂ ಅಪ್ಪನ ನಂಬರು. ನಿಮ್ಮಲ್ಲೂ ಹಲವರ ಮನೆ ಕಥೆ ಹೀಗೇ ಇರಬಹುದು. ಆ ಸಿಮ್ಮನ್ನು ಅಮ್ಮನ ಫೋನಿಗೆ ಹಾಕಿ, ಯುಪಿಐ ಮಾಡಿಕೊಟ್ಟು, ಎರಡು ವಾರ ಅಭ್ಯಾಸ ಮಾಡಿಸಿದ್ದೆ. "ಇವತ್ತು ಹೂವಿನ ದುಡ್ಡು ನಾನೇ ಕೊಡ್ತೀನಿ, ನೀನು ಕೈ ಹಾಕಬೇಡ" ಎಂದು ಆ ಭಾನುವಾರ ಹೊರಟಿದ್ದಳು.

ದೇವಸ್ಥಾನದ ಎದುರಿನ ಹೂವಿನಾಕೆ ಸೇವಂತಿಗೆ, ಮಲ್ಲಿಗೆ ಕಟ್ಟಿ ನೂರಿಪ್ಪತ್ತು ಎಂದಳು. ಅಮ್ಮ ಆ್ಯಪ್ ತೆರೆದಳು. ಸ್ಕ್ಯಾನರ್ ಬರಲಿಲ್ಲ, ಮೊಬೈಲ್ ಸಂಖ್ಯೆಯನ್ನು ಮತ್ತೆ ದೃಢಪಡಿಸಿ ಎಂದು ಬಂತು. ಅಮ್ಮನ ಮುಖ ಸಣ್ಣಗಾಯಿತು. "ದುಡ್ಡು ಹೋಯ್ತೇನೋ?"

ಹೋಗಿರಲಿಲ್ಲ. ತಪ್ಪು ನನ್ನದು. ಹಿಂದಿನ ರಾತ್ರಿ ಅವಳಿಗೊಂದು ಹೊಸ ಮುಂಬಯಿ ಸಿಮ್ ಹಾಕುವಾಗ ಅಪ್ಪನದನ್ನು ಎರಡನೇ ಜಾಗಕ್ಕೆ ದೂಡಿದ್ದೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದೆ, ಫೋನ್ ಆರಿಸಿ ಹೊತ್ತಿಸಿದೆ, ಡೇಟಾವನ್ನು ಹೊಸ ಸಿಮ್ಮಿಗೆ ಬದಲಿಸಿದೆ. ಆಮೇಲೆ ಅಪ್ಪನ ನಂಬರನ್ನೇ ಆರಿಸಿ ಒತ್ತಿದೆ. ಇಲ್ಲಿ ಆ್ಯಪ್ ತಾನಾಗಿ ಆ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಅದು ಖಾತೆಯಲ್ಲಿರುವ ನಂಬರಿನಿಂದಲೇ ಬಂದರೆ ಮಾತ್ರ ಫೋನಿಗೂ ಖಾತೆಗೂ ಗಂಟು ಬೀಳುತ್ತದೆ. ಎಸ್ಸೆಮ್ಮೆಸ್ ಹೋಗುತ್ತಲೇ ಇಲ್ಲ. ಪ್ಯಾಕ್ ಮುಗಿದು ಎರಡು ದಿನವಾಗಿತ್ತು.

ಹೂವಿನಾಕೆ "ನಾಳೆ ಕೊಡಿ ಅಮ್ಮಾ" ಎಂದು ಹಿಂದಿಯಲ್ಲಿ ಹೇಳಿದಳು. ಸಾಲದ ಹೂವು ದೇವರಿಗೆ ಬೇಡವೆಂದು ಅಮ್ಮ ಕಟ್ಟನ್ನು ಮರಳಿಸಲು ಹೊರಟಳು. ಗಿರಾಕಿಗಳ ನಡುವೆ ನಿಂತು ನನ್ನ ಫೋನಿನಿಂದ ಅಪ್ಪನ ನಂಬರಿಗೆ ರೀಚಾರ್ಜ್ ಮಾಡಿದೆ. ನನ್ನ ಪರದೆಯ ಮೇಲೆ ಇನ್ನೂ 'ಅಪ್ಪ' ಎಂದೇ ಬರುತ್ತದೆ. ಅಮ್ಮ ನೋಡಿದಳು, ಏನೂ ಹೇಳಲಿಲ್ಲ.

ಈ ಸಲ ಎಸ್ಸೆಮ್ಮೆಸ್ ಹೋಯಿತು. ಅಮ್ಮ ಸ್ಕ್ಯಾನ್ ಮಾಡಿ, ಸೆರಗು ಅಡ್ಡ ಹಿಡಿದು ಪಿನ್ ಒತ್ತಿದಳು. ಹೂಬುಟ್ಟಿಯ ಪಕ್ಕದ ಡಬ್ಬಿ 'ಏಕ್ ಸೌ ಬೀಸ್ ರುಪಯೇ' ಎಂದು ಕೂಗಿತು. ಅಮ್ಮ ಸುತ್ತ ಒಮ್ಮೆ ನೋಡಿದಳು, ಎಲ್ಲರಿಗೂ ಕೇಳಿಸಿತೇ ಎಂಬಂತೆ.

ಧೈರ್ಯ ಬಂದು, ಕಾಫಿ ಪುಡಿ ಅಂಗಡಿಯಲ್ಲಿ ಫೋನು ತಾಗಿಸಿ ಕೊಡುವುದಕ್ಕೂ ಮುಂದಾದಳು. ಫೋನಿಗೆ ಅವಳ ಕಾರ್ಡನ್ನು ಮೊದಲೇ ಸೇರಿಸಿ ಎನ್‌ಎಫ್‌ಸಿ ಆನ್ ಮಾಡಿಟ್ಟಿದ್ದೆ. ಯಂತ್ರ ಮಿಸುಕಲಿಲ್ಲ. ನೋಡಿದರೆ ಫೋನಿನ ಕವರಿನೊಳಗೆ ಎಟಿಎಂ ಕಾರ್ಡು! ಹತ್ತಿರವೇ ಇನ್ನೊಂದು ಚಿಪ್ ಇದ್ದರೆ ಯಂತ್ರ ತಬ್ಬಿಬ್ಬಾಗುತ್ತದೆ. ಕಾರ್ಡು ತೆಗೆದು, ಫೋನಿನ ಬೆನ್ನಿನ ಮೇಲ್ಭಾಗ ತೋರಿಸಿದಾಗ ಬೀಪ್ ಎಂದಿತು. "ಲೋಕಲ್ ಟ್ರೈನಿನಲ್ಲಿ ಯಾರಾದರೂ ಹೀಗೇ ತಾಗಿಸಿಕೊಂಡು ಹೋದರೆ?" ಎಂಬುದು ಅವಳ ಮುಂದಿನ ಪ್ರಶ್ನೆ. ನಾಲ್ಕು ಸೆಂಟಿಮೀಟರಿಗಿಂತ ದೂರವಿದ್ದರೆ ಯಂತ್ರಕ್ಕೆ ತಿಳಿಯದು, ನೀನು ಲಾಕ್ ತೆಗೆಯದೆ ದುಡ್ಡು ಹೋಗದು ಎಂದೆ. ಅರ್ಧ ನಂಬಿದಳು. ಕಾರ್ಡನ್ನು ಮಾತ್ರ ಕವರಿಗೆ ಸೇರಿಸದೆ ಪರ್ಸಿನ ಒಳಜೇಬಿಗೆ ಹಾಕಿದಳು.

ಕಾಫಿಗೆ ಕೂತಾಗ ತಿಂಗಳುಗಳಿಂದ ಬಾಯಿಗೆ ಬಾರದ ಮಾತು ತೆಗೆದೆ. ತೀರಿಹೋದವರ ಹೆಸರಿನ ಸಿಮ್ಮಿನ ಮೇಲೆ ನಿನ್ನ ದುಡ್ಡು ನಿಲ್ಲುವುದು ಸರಿಯಲ್ಲ. ಒಮ್ಮೆ ರೀಚಾರ್ಜ್ ತಪ್ಪಿ ಬಹಳ ದಿನ ಬಿಟ್ಟರೆ ಆ ನಂಬರು ಇನ್ಯಾರಿಗೋ ಹೋಗಬಹುದು.

"ಅವರ ನಂಬರು ತೆಗೀಬೇಡ" ಎಂದಳು, ಲೋಟ ನೋಡುತ್ತ.

"ತೆಗೆಯೋದಲ್ಲ. ಮರಣ ಪ್ರಮಾಣಪತ್ರ, ನಿನ್ನ ಗುರುತಿನ ಚೀಟಿ ಕೊಟ್ಟರೆ ಅದೇ ನಂಬರು ನಿನ್ನ ಹೆಸರಿಗೆ ಬರುತ್ತೆ."

"ನಂಬರು ಅದೇ ಇರುತ್ತಾ?"

"ಅದೇ."

ಅಮ್ಮ ಕಾಫಿ ಮುಗಿಸಿ, ಹೂವಿನ ಪೊಟ್ಟಣ ಬದಿಗೆ ಸರಿಸಿ, ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಹೊದಿಸಿದ ಹಾಳೆ ತೆಗೆದಳು. ಎಂಟು ತಿಂಗಳಿಂದ ಅಲ್ಲೇ ಇತ್ತಂತೆ. "ಅಂಗಡಿ ಭಾನುವಾರ ತೆಗೆದಿರುತ್ತಾ?" ಎಂದಳು.